ಡಬ್ಬಿಗೆ ಹಾಕಿದ ಮೇಲೆ ಎಲ್ಲಿಗೆ ಹೋಗುತ್ತದೆ?

ಊಟದ ಬಿಡುವು ಮುಗಿದ ಮೇಲೆ ತರಗತಿಯ ಕಸದ ಡಬ್ಬಿಯನ್ನು ಹಳೇ ಪತ್ರಿಕೆಯ ಮೇಲೆ ಸುರಿದೆವು. ಸುತ್ತ ಕುಳಿತಿದ್ದವರು ಒಂಬತ್ತು-ಹತ್ತು ವರ್ಷದ ಮಕ್ಕಳು. ಪೆನ್ಸಿಲ್ ಸಿಪ್ಪೆ, ಹರಿದ ಹಾಳೆ, ಮುರಿದ ಪೆನ್ನು, ಎರಡು ನೀರಿನ ಬಾಟಲಿ. ಉಳಿದದ್ದೆಲ್ಲ ಬಣ್ಣಬಣ್ಣದ ಪೊಟ್ಟಣಗಳು. ಒಬ್ಬ ಹುಡುಗಿ ಬಿಸ್ಕತ್ತಿನ ಖಾಲಿ ಪೊಟ್ಟಣ ಎತ್ತಿಕೊಂಡು, ಒಳಮೈಯ ಬೆಳ್ಳಿ ಬಣ್ಣವನ್ನು ಉಗುರಿನಿಂದ ಗೀರಿದಳು. ‘ಇದು ಪ್ಲಾಸ್ಟಿಕ್ಕಾ, ತಗಡಾ?’ ಎಂದು ಕೇಳಿದಳು. ಎರಡೂ ಹೌದು ಎಂದೆ. ಕೂದಲೆಳೆಗಿಂತ ನೂರಾರು ಪಟ್ಟು ತೆಳುವಾದ ಅಲ್ಯೂಮಿನಿಯಂ ಲೇಪ ಅದು, ಪ್ಲಾಸ್ಟಿಕ್ ಹಾಳೆಯ ಮೇಲೆ ಕೂರಿಸಿದ್ದು. ಗಾಳಿ, ತೇವ, ಬೆಳಕು ಒಳಗೆ ಹೋಗದಂತೆ ತಡೆದು ತಿಂಡಿಯನ್ನು ಗರಿಗರಿಯಾಗಿಡುತ್ತದೆ. ‘ಹಾಗಾದ್ರೆ ಯಾವ ಡಬ್ಬಿಗೆ ಹಾಕ್ಬೇಕು? ಹಾಕಿದ್ಮೇಲೆ ಎಲ್ಲಿಗೆ ಹೋಗತ್ತೆ?’

ಪಕ್ಕದಲ್ಲಿದ್ದ ಹುಡುಗ ಅವಳಿಗೆ ಥಟ್ಟನೆ ಉತ್ತರ ಕೊಟ್ಟ: ‘ರೀಸೈಕಲ್ ಆಗತ್ತೆ.’ ಪಾಠದಲ್ಲಿ ಹಾಗೇ ಇತ್ತು. ಆದರೆ ಆ ಪೊಟ್ಟಣದ ಮಟ್ಟಿಗೆ ಅದು ನಿಜವಲ್ಲ. ಬೇರೆಬೇರೆ ವಸ್ತುಗಳ ಪದರಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಹಾಳೆಯನ್ನು ಬಿಡಿಸಿ, ಕರಗಿಸಿ, ಮತ್ತೆ ಅಂಥದೇ ಹಾಳೆ ಮಾಡುವುದು ಕಷ್ಟ, ದುಬಾರಿ. ಅದರಲ್ಲಿ ಬಹುಪಾಲು ಸುಡುವ ಕಡೆಗೋ ಕಸದ ಗುಡ್ಡೆಗೋ ಹೋಗುತ್ತದೆ. ಇಲ್ಲವಾದರೆ ಗಾಳಿಗೆ ಹಾರಿ, ಮಳೆನೀರಿನ ಜೊತೆ ಹರಿದು ಎಲ್ಲೋ ಸೇರುತ್ತದೆ.

ಮಕ್ಕಳಿಗೆ ಪ್ಲಾಸ್ಟಿಕ್ ಮಾಲಿನ್ಯದ ಬಗ್ಗೆ ನಾವು ಹೇಳಿಕೊಡುವ ಪಾಠ ಸಾಮಾನ್ಯವಾಗಿ ಡಬ್ಬಿಯ ಬಾಯಿಯ ಹತ್ತಿರ ಮುಗಿಯುತ್ತದೆ. ಕಸ ಎಸೆಯಬೇಡಿ, ಡಬ್ಬಿಗೆ ಹಾಕಿ, ಹಸಿ ಬೇರೆ ಒಣ ಬೇರೆ ಮಾಡಿ. ಇದು ತಪ್ಪಲ್ಲ, ಕಲಿಯಲೇಬೇಕಾದ ಶಿಸ್ತು. ಆದರೆ ನಿಜವಾದ ಕಥೆ ಶುರುವಾಗುವುದೇ ಡಬ್ಬಿಯಿಂದ ಆಚೆ. ಆ ಹುಡುಗಿ ಕೇಳಿದ ಪ್ರಶ್ನೆಗೆ ಎರಡು ದಿಕ್ಕುಗಳಿವೆ: ಇದು ಎಲ್ಲಿಗೆ ಹೋಗುತ್ತದೆ, ಮತ್ತು ಇದು ಎಲ್ಲಿಂದ ಬಂತು. ಪರಿಸರ ಶಿಕ್ಷಣ ಈ ಎರಡೂ ದಾರಿಯಲ್ಲಿ ಮಗುವಿನ ಜೊತೆ ನಡೆಯದಿದ್ದರೆ, ನಾವು ಕಲಿಸುತ್ತಿರುವುದು ಸ್ವಚ್ಛತೆಯ ಪಾಠವೇ ಹೊರತು ಪರಿಸರದ ಪಾಠವಲ್ಲ.

ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದನ್ನೇ ನೋಡೋಣ. 2017ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ರೋಲಂಡ್ ಗೇಯರ್ ಮತ್ತು ಸಂಗಡಿಗರು ಜಗತ್ತಿನಲ್ಲಿ 1950ರಿಂದ 2015ರವರೆಗೆ ತಯಾರಾದ ಎಲ್ಲ ಪ್ಲಾಸ್ಟಿಕ್‌ನ ಲೆಕ್ಕ ಹಾಕಿದರು. ಒಟ್ಟು ಸುಮಾರು 830 ಕೋಟಿ ಟನ್. ಅದರಲ್ಲಿ 630 ಕೋಟಿ ಟನ್ ಆ ಹೊತ್ತಿಗಾಗಲೇ ಕಸವಾಗಿತ್ತು. ಆ ಕಸದಲ್ಲಿ ಮತ್ತೆ ಕರಗಿ ಬೇರೆ ವಸ್ತುವಾದದ್ದು ಶೇ 9 ಮಾತ್ರ. ಶೇ 12 ಸುಟ್ಟದ್ದು. ಉಳಿದ ಶೇ 79 ಕಸದ ಗುಂಡಿಗಳಲ್ಲೋ ನೆಲ-ನೀರಿನಲ್ಲೋ ಬಿದ್ದುಕೊಂಡಿದೆ. ಹತ್ತು ಬಾಟಲಿ ಮುಚ್ಚಳಗಳನ್ನು ಮೇಜಿನ ಮೇಲಿಟ್ಟು, ಒಂದನ್ನು ಈ ಕಡೆ, ಒಂದನ್ನು ಆ ಕಡೆ ಸರಿಸಿ, ಉಳಿದ ಎಂಟನ್ನು ತೋರಿಸಿದರೆ ಎರಡನೇ ತರಗತಿಯ ಮಗುವಿಗೂ ಈ ಲೆಕ್ಕ ಅರ್ಥವಾಗುತ್ತದೆ. ಶೇಕಡಾವಾರು ಎಂಬ ಪದವೇ ಬೇಕಿಲ್ಲ.

ಇಲ್ಲಿ ನಮ್ಮ ಭಾಷೆಯೂ ಸ್ವಲ್ಪ ಮಂಜು ಕವಿಸುತ್ತದೆ. ಕನ್ನಡದಲ್ಲಿ ‘ಮರುಬಳಕೆ’ ಎಂಬ ಒಂದೇ ಪದವನ್ನು ಎರಡು ಬೇರೆ ಕೆಲಸಗಳಿಗೆ ಬಳಸುತ್ತೇವೆ. ಬಾಟಲಿ ತೊಳೆದು ಮತ್ತೆ ನೀರು ತುಂಬಿಸಿದರೂ ಮರುಬಳಕೆ. ಅದನ್ನು ಪುಡಿಮಾಡಿ, ಕರಗಿಸಿ, ನೂಲು ಎಳೆದು ಬಟ್ಟೆ ಮಾಡಿದರೂ ಮರುಬಳಕೆ. ಮೊದಲನೆಯದಕ್ಕೆ ಹೊಸ ಬಾಟಲಿ ಬೇಕಾಗುವುದಿಲ್ಲ. ಎರಡನೆಯದಕ್ಕೆ ಕಾರ್ಖಾನೆ ಬೇಕು, ಶಾಖ ಬೇಕು, ನೀರು ಬೇಕು, ಮತ್ತು ಆ ನೂಲು ಮತ್ತೆ ಬಾಟಲಿಯಾಗಿ ಬರುವುದು ಅಪರೂಪ. ಮಕ್ಕಳ ಜೊತೆ ಮಾತಾಡುವಾಗ ಇವೆರಡನ್ನು ಬೇರೆ ಮಾಡಿ ಹೇಳುವುದು ಸಣ್ಣ ವಿಷಯವಲ್ಲ. ಬಾಟಲಿಯ ತಳದಲ್ಲಿ ಅಚ್ಚಾಗಿರುವ ತ್ರಿಕೋನ ಬಾಣಗಳ ವಿಷಯದಲ್ಲೂ ಹೀಗೇ ಆಗಿದೆ. ಅದರೊಳಗಿನ 1ರಿಂದ 7ರವರೆಗಿನ ಅಂಕಿ ಪ್ಲಾಸ್ಟಿಕ್ ಯಾವ ಜಾತಿಯದು ಎಂದು ಹೇಳುತ್ತದೆ, ಅಷ್ಟೇ. ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘಟನೆಯೇ 1988ರಲ್ಲಿ ತಂದ ಗುರುತು ಅದು. ಬಾಣಗಳನ್ನು ನೋಡಿದ ಮಗು, ಮಗುವೇನು ದೊಡ್ಡವರೂ, ಇದು ಖಂಡಿತ ರೀಸೈಕಲ್ ಆಗುತ್ತದೆ ಎಂದುಕೊಳ್ಳುತ್ತಾರೆ.

ಹಾಗಂತ ‘ಪ್ಲಾಸ್ಟಿಕ್ ರಾಕ್ಷಸ’ ಎಂದು ಚಿತ್ರ ಬಿಡಿಸಲು ಹೇಳುವುದನ್ನೂ ನಾನು ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಿ ಅಜ್ಜಿಯ ಕೈಗೆ ಚುಚ್ಚಿದ ಸಲೈನ್ ನಳಿಕೆ ನೋಡಿದ ಮಗು, ತನ್ನ ಕನ್ನಡಕದ ಗಾಜು ಗಾಜಲ್ಲ ಎಂದು ತಿಳಿದ ಮಗು, ಈ ಪಾಠವನ್ನು ನಂಬುವುದನ್ನು ಬಿಟ್ಟುಬಿಡುತ್ತದೆ. ಅದರ ಬದಲು ಇತಿಹಾಸ ಹೇಳಬಹುದು. 1860ರ ದಶಕದಲ್ಲಿ ಬಿಲಿಯರ್ಡ್ಸ್ ಚೆಂಡುಗಳನ್ನು ಆನೆಯ ದಂತದಿಂದ ಮಾಡುತ್ತಿದ್ದರು. ದಂತಕ್ಕೆ ಬದಲಿ ಹುಡುಕಿದವರಿಗೆ ಅಮೆರಿಕದ ಒಂದು ಕಂಪನಿ ಹತ್ತು ಸಾವಿರ ಡಾಲರ್ ಬಹುಮಾನ ಘೋಷಿಸಿತು. ಜಾನ್ ವೆಸ್ಲಿ ಹಯಾಟ್ ಎಂಬಾತ ಆ ಹುಡುಕಾಟದಲ್ಲೇ ಸೆಲ್ಯುಲಾಯ್ಡ್ ಎಂಬ ಆರಂಭದ ಪ್ಲಾಸ್ಟಿಕ್ ರೂಪಿಸಿದ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಪೂರ್ತಿ ಕೃತಕವಾದ ಪ್ಲಾಸ್ಟಿಕ್ ಬೇಕಲೈಟ್ ತಯಾರಿಸಿದ. ಆಗ ಯಾರಿಗೂ ಇದು ಎಸೆಯುವ ವಸ್ತುವಾಗಿರಲಿಲ್ಲ. ನೂರಾರು ವರ್ಷ ಬಾಳುವ ವಸ್ತುವನ್ನು ಐದು ನಿಮಿಷದ ಕೆಲಸಕ್ಕೆ ಹಚ್ಚಿದ್ದು ಆಮೇಲೆ. ತಪ್ಪು ನಡೆದದ್ದು ಅಲ್ಲಿ. ಈ ಹೊಂದಾಣಿಕೆ ತಪ್ಪಿದ್ದನ್ನು ಹಿಡಿದ ಮಗು ತಾನೇ ತೂಗಿ ನೋಡತೊಡಗುತ್ತದೆ: ಹೆಲ್ಮೆಟ್‌ಗೆ ಪ್ಲಾಸ್ಟಿಕ್ ಸರಿ, ಆದರೆ ಒಂದು ಸಲ ನೀರು ಕಲಕಿ ಬಿಸಾಡುವ ಚಮಚಕ್ಕೆ ಯಾಕೆ?

ಹೆದರಿಸಿ ಕಲಿಸುವುದು ಇನ್ನೊಂದು ಸುಲಭದ ದಾರಿ. 2015ರಲ್ಲಿ ಕೋಸ್ಟರಿಕಾದ ಕಡಲಲ್ಲಿ ಸಂಶೋಧಕರು ಒಂದು ಆಲಿವ್ ರಿಡ್ಲೆ ಆಮೆಯ ಮೂಗಿನಿಂದ ಪ್ಲಾಸ್ಟಿಕ್ ಸ್ಟ್ರಾ ಎಳೆದು ತೆಗೆದ ವಿಡಿಯೊ ಜಗತ್ತಿನಾದ್ಯಂತ ಹರಿದಾಡಿತು. ರಕ್ತ ಸುರಿಯುತ್ತಿತ್ತು, ಆಮೆ ನರಳುತ್ತಿತ್ತು. ಅದನ್ನು ಆರು ವರ್ಷದ ಮಕ್ಕಳಿಗೆ ತೋರಿಸುವವರಿದ್ದಾರೆ. ದಯವಿಟ್ಟು ಬೇಡ. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಸೋಬೆಲ್ 1990ರ ದಶಕದಲ್ಲೇ ಈ ಬಗ್ಗೆ ಎಚ್ಚರಿಸಿದ್ದರು: ಪ್ರಕೃತಿಯ ಜೊತೆ ನಂಟು ಬೆಳೆಯುವ ಮೊದಲೇ ಅದರ ದುರಂತಗಳನ್ನು ಪುಟ್ಟ ಮಕ್ಕಳ ಮೇಲೆ ಹೇರಿದರೆ, ಅವರು ಪ್ರಕೃತಿಯಿಂದಲೇ ದೂರ ಸರಿಯುತ್ತಾರೆ. 2021ರಲ್ಲಿ ಹತ್ತು ದೇಶಗಳ 16ರಿಂದ 25 ವರ್ಷದ ಹತ್ತು ಸಾವಿರ ಯುವಜನರನ್ನು ಹವಾಮಾನ ಬದಲಾವಣೆಯ ಬಗ್ಗೆ ಕೇಳಿದಾಗ, ಶೇ 45ಕ್ಕೂ ಹೆಚ್ಚು ಜನ ಆ ಆತಂಕ ತಮ್ಮ ದಿನನಿತ್ಯದ ಬದುಕನ್ನೇ ಬಾಧಿಸುತ್ತಿದೆ ಎಂದಿದ್ದರು. ಇನ್ನಷ್ಟು ಹೆದರಿಸುವ ಅಗತ್ಯ ಖಂಡಿತ ಇಲ್ಲ.

ಆಮೆಯ ಕಥೆಯನ್ನೇ ಬೇರೆ ಬಾಗಿಲಿನಿಂದ ಹೇಳಬಹುದು. ಆಮೆ, ಕಡಲಹಕ್ಕಿಗಳು ಪ್ಲಾಸ್ಟಿಕ್ ತಿನ್ನುವುದೇಕೆ? ಪಾಪ, ಗೊತ್ತಾಗದೆ ತಿನ್ನುತ್ತವೆ ಎಂದು ಬಹಳ ಕಾಲ ಅಂದುಕೊಂಡಿದ್ದೆವು. ಸಮುದ್ರದಲ್ಲಿ ತೇಲುವ ಪ್ಲಾಸ್ಟಿಕ್ ಮೇಲೆ ಕೆಲವೇ ವಾರಗಳಲ್ಲಿ ಪಾಚಿ ಹತ್ತಿಕೊಳ್ಳುತ್ತದೆ. ಅದರಿಂದ ಡೈಮಿಥೈಲ್ ಸಲ್ಫೈಡ್ ಎಂಬ ಗಂಧಕದ ವಾಸನೆ ಹೊರಡುತ್ತದೆ. ಕೆಲವು ಜಾತಿಯ ಕಡಲಹಕ್ಕಿಗಳಿಗೆ ಅದು ಊಟ ಇಲ್ಲಿದೆ ಎಂಬ ಕರೆ. 2016ರಲ್ಲಿ ಮ್ಯಾಥ್ಯೂ ಸವೋಕಾ ಮತ್ತು ಸಂಗಡಿಗರು ಇದನ್ನು ತೋರಿಸಿದರು. ಪಾಚಿ ಕಟ್ಟಿದ ಪ್ಲಾಸ್ಟಿಕ್ ವಾಸನೆಗೆ ಆಮೆಗಳೂ ಆಹಾರದ ವಾಸನೆಗೆ ಮೂಗೆತ್ತುವಂತೆಯೇ ಮೂಗೆತ್ತುತ್ತವೆ ಎಂದು 2020ರಲ್ಲಿ ಗೊತ್ತಾಯಿತು. ಅಂದರೆ ಹಕ್ಕಿ ದಡ್ಡ ಅಲ್ಲ. ಲಕ್ಷಾಂತರ ವರ್ಷ ಅದರ ಕೈ ಹಿಡಿದ ಜಾಣತನವನ್ನೇ ಪ್ಲಾಸ್ಟಿಕ್ ವಂಚಿಸುತ್ತಿದೆ. ಈ ಮಾತು ಹೇಳಿದಾಗ ಮಕ್ಕಳ ಮುಖದಲ್ಲಿ ಹೆದರಿಕೆ ಕಾಣುವುದಿಲ್ಲ. ಅವರಿಗೆ ಸಿಟ್ಟು ಬರುತ್ತದೆ, ಹಕ್ಕಿಯ ಪರವಾಗಿ. ಆ ಸಿಟ್ಟು ಒಳ್ಳೆಯದು.

ಸಿಟ್ಟು ಯಾರ ಕಡೆಗೆ ತಿರುಗಬೇಕು ಎಂಬುದು ಮುಂದಿನ ಪ್ರಶ್ನೆ. ನಮ್ಮ ಪಾಠಗಳು ಹೆಚ್ಚಾಗಿ ಎಡವುವುದು ಇಲ್ಲೇ. ‘ನೀನು ಬಳಸಬೇಡ, ನೀನು ಎಸೆಯಬೇಡ, ಭೂಮಿ ನಿನ್ನ ಕೈಯಲ್ಲಿದೆ’ ಎಂದು ಎಂಟು ವರ್ಷದ ಮಗುವಿಗೆ ಹೇಳುತ್ತೇವೆ. ಆ ಮಗು ಯಾವ ಪೊಟ್ಟಣವನ್ನೂ ವಿನ್ಯಾಸ ಮಾಡಿಲ್ಲ, ಯಾವ ಕಾರ್ಖಾನೆಯನ್ನೂ ತೆರೆದಿಲ್ಲ, ಮನೆಯ ಸಾಮಾನಿನ ಚೀಟಿಯನ್ನೂ ಬರೆಯುವುದಿಲ್ಲ. ತಪ್ಪನ್ನೆಲ್ಲ ಬಳಸುವವರ ತಲೆಗೆ ಕಟ್ಟುವ ಈ ಧಾಟಿಗೆ ಒಂದು ಚರಿತ್ರೆಯಿದೆ. 1971ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಒಂದು ಜಾಹೀರಾತು ಬಂತು. ಮೂಲನಿವಾಸಿಯ ವೇಷದ ನಟನೊಬ್ಬ ಕಸ ಬಿದ್ದ ರಸ್ತೆಯ ಪಕ್ಕ ನಿಂತು ಕಣ್ಣೀರು ಹಾಕುತ್ತಾನೆ. ಮಾಲಿನ್ಯ ಶುರುವಾಗುವುದು ಜನರಿಂದ, ನಿಲ್ಲಿಸಬಲ್ಲವರೂ ಜನರೇ ಎಂಬುದು ಅದರ ಸಂದೇಶ. ಅದನ್ನು ತಂದ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಸಂಸ್ಥೆಯನ್ನು 1953ರಲ್ಲಿ ಹುಟ್ಟುಹಾಕಿದವರಲ್ಲಿ ಪಾನೀಯ ಮತ್ತು ಡಬ್ಬಿ-ಬಾಟಲಿ ತಯಾರಿಸುವ ಕಂಪನಿಗಳೂ ಇದ್ದವು. ತೊಳೆದು ಮತ್ತೆ ತುಂಬುವ ಗಾಜಿನ ಬಾಟಲಿಯ ಪದ್ಧತಿ ಬಿಟ್ಟು ಬಿಸಾಡುವ ಬಾಟಲಿಯ ಕಡೆ ವ್ಯಾಪಾರ ಹೊರಳುತ್ತಿದ್ದ ಕಾಲ ಅದು.

ಎಲ್ಲಿಂದ ಬಂತು ಎಂದು ಕೇಳುವುದಕ್ಕೆ ಮಕ್ಕಳಿಗೆ ಒಂದು ಸರಳ ಉಪಾಯವಿದೆ. ಡಬ್ಬಿ ಸುರಿದು ಎಣಿಸುವಾಗ ಪ್ರತಿ ಚೂರಿನ ಮೇಲಿನ ಹೆಸರನ್ನೂ ಬರೆದುಕೊಳ್ಳುವುದು. ಜಗತ್ತಿನಾದ್ಯಂತ ಸ್ವಯಂಸೇವಕರು 84 ದೇಶಗಳಲ್ಲಿ ಹೀಗೇ ಬರೆದುಕೊಂಡ 18 ಲಕ್ಷಕ್ಕೂ ಹೆಚ್ಚು ಚೂರುಗಳ ಲೆಕ್ಕವನ್ನು ಆಧರಿಸಿ 2024ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು ಚೂರುಗಳ ಮೇಲೆ ಹೆಸರೇ ಉಳಿದಿರಲಿಲ್ಲ. ಹೆಸರು ಸಿಕ್ಕವುಗಳಲ್ಲಿ ಅರ್ಧಕ್ಕಿಂತ ಹೆಚ್ಚು 56 ಕಂಪನಿಗಳದ್ದಾಗಿದ್ದವು. ಕಂಪನಿಯೊಂದು ತಯಾರಿಸುವ ಪ್ಲಾಸ್ಟಿಕ್ ಶೇ 1ರಷ್ಟು ಹೆಚ್ಚಾದರೆ ಬೀದಿಯಲ್ಲಿ ಸಿಗುವ ಅದರ ಕಸವೂ ಹೆಚ್ಚುಕಡಿಮೆ ಶೇ 1ರಷ್ಟೇ ಹೆಚ್ಚುತ್ತದೆ ಎಂಬುದೂ ಅದರಲ್ಲಿ ಕಂಡಿತು. ಹತ್ತು-ಹನ್ನೊಂದು ವರ್ಷದ ಮಕ್ಕಳು ಇಂಥ ಪಟ್ಟಿಯನ್ನು ಚೊಕ್ಕವಾಗಿ ಮಾಡುತ್ತಾರೆ. ಯಾರನ್ನೂ ಬೈಯುವ ಅಗತ್ಯವಿಲ್ಲ. ಪಟ್ಟಿ ಮುಗಿದಾಗ ಅವರಿಗೇ ಹೊಳೆಯುತ್ತದೆ: ಪತ್ರ ಬರೆಯುವುದಾದರೆ ಯಾರಿಗೆ ಬರೆಯಬೇಕು ಎಂದು.

ಕೈಗೆ ಕೆಲಸ ಕೊಡುವ ಪಾಠಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಒಂದು ಬಕೆಟ್ ನೀರು ತನ್ನಿ. ಬಾಟಲಿ ಮುಚ್ಚಳ ಹಾಕಿ, ತೇಲುತ್ತದೆ. ಅದೇ ಬಾಟಲಿಯ ಗೋಡೆಯಿಂದ ಕತ್ತರಿಸಿದ ಚೂರು ಹಾಕಿ, ಬೆರಳಿನಿಂದ ಅದುಮಿ ಗುಳ್ಳೆ ಬಿಡಿಸಿ, ಮುಳುಗುತ್ತದೆ. ಮಕ್ಕಳು ಬೆರಗಾಗುತ್ತಾರೆ, ಯಾಕೆಂದರೆ ಎರಡೂ ‘ಪ್ಲಾಸ್ಟಿಕ್’. ಮುಚ್ಚಳ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್, ನೀರಿಗಿಂತ ಹಗುರ. ಬಾಟಲಿ ಪೆಟ್ (PET) ಎಂಬ ಇನ್ನೊಂದು ಜಾತಿಯ ಪ್ಲಾಸ್ಟಿಕ್, ನೀರಿಗಿಂತ ಭಾರ. ನೀರಿಗೆ ಉಪ್ಪು ಕರಗಿಸಿ ಮತ್ತೆ ನೋಡಿ. ಪೆಟ್ ಆಗಲೂ ಮುಳುಗುತ್ತದೆ. ಈಗ ಕೇಳಿ: ಸಮುದ್ರದ ಮೇಲೆ ತೇಲುವ ಕಸದ ಫೋಟೊ ನೋಡಿದ್ದೀರಲ್ಲ, ಫೋಟೊಗೆ ಸಿಗದ ಕಸ ಎಲ್ಲಿದೆ? ಒಂದು ಬಕೆಟ್ ನೀರು ಕಡಲ ತಳದವರೆಗೆ ಕರೆದುಕೊಂಡು ಹೋಗುತ್ತದೆ.

ಭೂಪಟ ಬಿಡಿಸಿ ಹೇಳಲು ಒಳ್ಳೆಯ ಕಥೆ ಬೇಕಿದ್ದರೆ 1992ರದ್ದಿದೆ. ಆ ಜನವರಿಯಲ್ಲಿ ಹಾಂಗ್‌ಕಾಂಗ್‌ನಿಂದ ಅಮೆರಿಕಕ್ಕೆ ಹೊರಟ ಹಡಗಿನಿಂದ ಪೆಸಿಫಿಕ್ ಸಾಗರದ ಮಧ್ಯೆ ಬಿರುಗಾಳಿಗೆ ಕಂಟೇನರ್‌ಗಳು ಉರುಳಿದವು. ಒಂದರಲ್ಲಿ 28,800 ಸ್ನಾನದ ಆಟಿಕೆಗಳಿದ್ದವು: ಹಳದಿ ಬಾತು, ಕೆಂಪು ಬೀವರ್, ಹಸಿರು ಕಪ್ಪೆ, ನೀಲಿ ಆಮೆ. ಹತ್ತು ತಿಂಗಳ ನಂತರ ಅವು ಅಲಾಸ್ಕದ ದಡಕ್ಕೆ ಬರತೊಡಗಿದವು. ಕರ್ಟಿಸ್ ಎಬ್ಸ್‌ಮೇಯರ್ ಎಂಬ ಸಮುದ್ರವಿಜ್ಞಾನಿ ಎಲ್ಲೆಲ್ಲಿ ಯಾವಾಗ ಬಾತು ಸಿಕ್ಕಿತು ಎಂದು ದಡದ ಜನರಿಂದ ಕೇಳಿ ಬರೆದಿಟ್ಟು, ಸಾಗರದ ಪ್ರವಾಹಗಳ ಲೆಕ್ಕವನ್ನು ಪರೀಕ್ಷಿಸಿದರು. ಹಡಗಿನಿಂದ ಬಿದ್ದ ಒಂದು ಹಳದಿ ಬಾತಿನ ಬೆನ್ನು ಹತ್ತಿದರೆ ಮಗುವಿಗೆ ‘ಆಚೆ ಎಸೆಯುವುದು’ ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನೀರಿಗೆ ಆಚೆ ಎಂಬುದಿಲ್ಲ.

ಸಂಖ್ಯೆಗಳನ್ನು ಪ್ರಶ್ನಿಸುವುದನ್ನೂ ಕಲಿಸೋಣ. ಪ್ಲಾಸ್ಟಿಕ್ ಬಾಟಲಿ ಕರಗಲು 450 ವರ್ಷ ಬೇಕು ಎಂದು ಗೋಡೆಯ ಮೇಲೆಲ್ಲ ಬರೆದಿರುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ಇನ್ನೂ ನೂರು ವರ್ಷವೇ ಆಗಿಲ್ಲವಲ್ಲ, 450 ಯಾರು ನೋಡಿದರು? ಅದು ಅಂದಾಜು. ಬಿಸಿಲು, ತಂಪು, ಆಳ, ಪ್ಲಾಸ್ಟಿಕ್ ಜಾತಿ ಎಲ್ಲದರ ಮೇಲೆ ಬದಲಾಗುತ್ತದೆ. ಅಮೆರಿಕದಲ್ಲಿ ದಿನಕ್ಕೆ 50 ಕೋಟಿ ಸ್ಟ್ರಾ ಬಳಸುತ್ತಾರೆ ಎಂಬ ಸಂಖ್ಯೆ ವರ್ಷಗಟ್ಟಲೆ ದೊಡ್ಡ ಪತ್ರಿಕೆಗಳಲ್ಲಿ ಓಡಾಡಿತು. ಅದನ್ನು ಮೊದಲು ಲೆಕ್ಕ ಹಾಕಿದವನು 2011ರಲ್ಲಿ ಒಬ್ಬ ಒಂಬತ್ತು ವರ್ಷದ ಹುಡುಗ, ಸ್ಟ್ರಾ ತಯಾರಕರಿಗೆ ತಾನೇ ಫೋನ್ ಮಾಡಿ ಕೇಳಿಕೊಂಡು. ಆ ಹುಡುಗ ಮಾಡಿದ್ದು ಮೆಚ್ಚುವ ಕೆಲಸ. ಮತ್ತೆ ಪರೀಕ್ಷಿಸದೆ ಬರೆದದ್ದು ದೊಡ್ಡವರ ಸೋಮಾರಿತನ. ಆಮೇಲೆ ಬಂದ ಮಾರುಕಟ್ಟೆಯ ಅಂದಾಜುಗಳು ಅದಕ್ಕಿಂತ ಕಡಿಮೆಯಿದ್ದವು. ಸಮುದ್ರ ಸೇರುವ ಪ್ಲಾಸ್ಟಿಕ್‌ನ ತೂಕದಲ್ಲಿ ಸ್ಟ್ರಾಗಳ ಪಾಲು ತೀರಾ ಚಿಕ್ಕದು ಎಂಬುದನ್ನೂ ಹೇಳಬೇಕು. ಕಣ್ಣಿಗೆ ಕಾಣುವ ಕಸದ ಜೊತೆ ಕಾಣದ್ದೂ ಇದೆ: ಕೃತಕ ನೂಲಿನ ಬಟ್ಟೆ ಒಗೆದಾಗ ಕಳಚುವ ಎಳೆ, ರಸ್ತೆಯಲ್ಲಿ ಸವೆಯುವ ಟಯರ್ ಪುಡಿ. ಸಣ್ಣ ಕಣಗಳಾಗಿಯೇ ಸಮುದ್ರ ಸೇರುವ ಪ್ಲಾಸ್ಟಿಕ್‌ನಲ್ಲಿ ಇವೆರಡೇ ಅರ್ಧಕ್ಕಿಂತ ಹೆಚ್ಚು ಎಂಬುದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ 2017ರ ವರದಿಯ ಅಂದಾಜು.

ಮಕ್ಕಳು ಕಲಿತದ್ದು ಮನೆಗೂ ಹೋಗುತ್ತದೆ. ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ 10ರಿಂದ 14 ವರ್ಷದ ಮಕ್ಕಳಿಗೆ ಹವಾಮಾನ ಬದಲಾವಣೆಯ ಪಾಠ ಮಾಡಿ, ಅವರ ತಂದೆತಾಯಿಯರನ್ನು ಗಮನಿಸಿದ ಅಧ್ಯಯನವೊಂದು 2019ರಲ್ಲಿ ಬಂತು. ಪಾಠ ಕೇಳಿದ್ದು ಮಕ್ಕಳು, ಕಾಳಜಿ ಹೆಚ್ಚಿದ್ದು ತಂದೆತಾಯಿಯರಲ್ಲೂ. ಮೊದಲು ಅಷ್ಟಾಗಿ ತಲೆಕೆಡಿಸಿಕೊಳ್ಳದ ತಂದೆಯರಲ್ಲಿ ಬದಲಾವಣೆ ಹೆಚ್ಚು. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳ ಮಾತು ಹೆಚ್ಚು ನಾಟಿತ್ತು. ಉಪದೇಶ ಮಾಡಿ ಎಂದು ಅಲ್ಲಿ ಯಾರೂ ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ. ಸ್ಥಳೀಯ ಉದಾಹರಣೆಗಳು, ಕೈಯಾರೆ ಮಾಡುವ ಕೆಲಸ, ಮನೆಯವರನ್ನು ಮಾತಾಡಿಸಿ ಬರುವ ಸಂದರ್ಶನ ಇದ್ದವು. ಮಗುವನ್ನು ಮನೆಯ ಪೊಲೀಸನನ್ನಾಗಿ ಮಾಡಿದರೆ ಅಮ್ಮ ತಂದ ಚೀಲ ನೋಡಿ ಜಗಳವಾಗುತ್ತದೆ, ಅಷ್ಟೇ. ‘ನೀವು ಚಿಕ್ಕವರಿದ್ದಾಗ ಎಣ್ಣೆ ಯಾವುದರಲ್ಲಿ ತರ್ತಿದ್ರಿ?’ ಎಂದು ಅಜ್ಜನನ್ನು ಕೇಳಿ ಬರೆದುಕೊಂಡು ಬರಲು ಹೇಳಿದರೆ ಮನೆಯಲ್ಲಿ ಅರ್ಧ ಗಂಟೆ ಮಾತು ನಡೆಯುತ್ತದೆ.

ಇಷ್ಟೆಲ್ಲ ಕಲಿತ ಮಗು ಶಾಲೆಯ ಸುತ್ತ ಕಣ್ಣಾಡಿಸುತ್ತದೆ. ಪರಿಸರ ದಿನವಾದ ಜೂನ್ 5ರಂದು ವೇದಿಕೆಯ ಹಿಂದೆ ಫ್ಲೆಕ್ಸ್, ಅತಿಥಿಗಳ ಮುಂದೆ ಸಣ್ಣ ಬಾಟಲಿಗಳು, ಬಹುಮಾನದ ಮೇಲೆ ಹೊಳೆಯುವ ಹಾಳೆ. ಪ್ಲಾಸ್ಟಿಕ್ ವಿರುದ್ಧ ಭಾಷಣ ಮಾಡಿ ಗೆದ್ದ ಮಗು ಆ ಹಾಳೆ ಬಿಚ್ಚುತ್ತದೆ. ನನಗೆ ಇದು ನೋವಿನ ವಿಷಯ, ಯಾಕೆಂದರೆ ಮಕ್ಕಳು ಇದನ್ನು ನೋಡಿಯೂ ಸುಮ್ಮನಿರುವುದನ್ನು ಬೇಗ ಕಲಿಯುತ್ತಾರೆ. ತಿಳಿವಳಿಕೆ ಮತ್ತು ನಡವಳಿಕೆಯ ನಡುವೆ ಇಷ್ಟು ದೂರ ಇರುವುದು ಸಹಜ ಎಂಬುದೇ ಅಂದಿನ ಪಾಠವಾಗಿಬಿಡುತ್ತದೆ. 1977ರಲ್ಲಿ ಜಾರ್ಜಿಯಾದ ತ್ಬಿಲಿಸಿಯಲ್ಲಿ ನಡೆದ ಯುನೆಸ್ಕೊ ಸಮ್ಮೇಳನ ಪರಿಸರ ಶಿಕ್ಷಣದ ಗುರಿಗಳನ್ನು ಬರೆದಾಗ, ಅರಿವು ಮತ್ತು ಜ್ಞಾನದ ಜೊತೆ ಕೌಶಲ ಮತ್ತು ಭಾಗವಹಿಸುವಿಕೆಯನ್ನೂ ಸೇರಿಸಿತ್ತು. ನಾವು ಮೊದಲಿನವನ್ನು ಇಟ್ಟುಕೊಂಡು ಕೊನೆಯದನ್ನು ಕೈಬಿಟ್ಟಿದ್ದೇವೆ. ಭಾಗವಹಿಸುವುದು ಎಂದರೆ ಮಕ್ಕಳು ಎಣಿಸಿ ತಂದ ಲೆಕ್ಕ ನೋಡಿ ಶಾಲೆ ಏನಾದರೂ ಬದಲಾಯಿಸುವುದು: ತಿಂಡಿ ಕೊಳ್ಳುವ ರೀತಿ, ಕುಡಿಯುವ ನೀರಿನ ವ್ಯವಸ್ಥೆ, ಪುಸ್ತಕಕ್ಕೆ ಹಾಕಿಸುವ ಹೊದಿಕೆ. ಮುಂದಿನ ತಿಂಗಳ ಎಣಿಕೆಯಲ್ಲಿ ಸಂಖ್ಯೆ ಇಳಿದದ್ದು ಕಣ್ಣಾರೆ ಕಂಡರೆ ಅದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. 2013ರಲ್ಲಿ ಇಂಡೊನೇಷ್ಯಾದ ಬಾಲಿಯಲ್ಲಿ 12 ಮತ್ತು 10 ವರ್ಷದ ಅಕ್ಕತಂಗಿಯರಾದ ಮೆಲಾಟಿ ಮತ್ತು ಇಸಾಬೆಲ್ ವೈಸನ್ ಪ್ಲಾಸ್ಟಿಕ್ ಚೀಲದ ವಿರುದ್ಧ ಸಹಿ ಸಂಗ್ರಹ ಶುರುಮಾಡಿದರು. ಆ ದ್ವೀಪದಲ್ಲಿ ಬಿಸಾಡುವ ಚೀಲದ ನಿಷೇಧ ಜಾರಿಗೆ ಬಂದದ್ದು 2019ರಲ್ಲಿ. ಆರು ವರ್ಷ ಹಿಡಿಯಿತು ಎಂಬುದನ್ನು ಮರೆಮಾಚದೆ ಹೇಳಬೇಕು.

ದೊಡ್ಡವರ ಲೋಕ ಇನ್ನೂ ನಿಧಾನ. ಪ್ಲಾಸ್ಟಿಕ್ ಮಾಲಿನ್ಯದ ವಿರುದ್ಧ ಎಲ್ಲ ದೇಶಗಳನ್ನೂ ಕಟ್ಟುವ ಒಪ್ಪಂದ ಮಾಡೋಣ ಎಂದು 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಭೆಯಲ್ಲಿ ತೀರ್ಮಾನವಾಯಿತು. 2024ರ ಕೊನೆಗೆ ಮುಗಿಸುವುದು ಎಂದಿತ್ತು. ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ನಡೆದ ಮಾತುಕತೆಯಲ್ಲಿ ಮುಗಿಯಲಿಲ್ಲ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲೂ ಒಮ್ಮತ ಬರಲಿಲ್ಲ. ಜಗಳದ ಮುಖ್ಯ ಗಂಟು ಯಾವುದು ಎಂದು ಪ್ರೌಢಶಾಲೆಯ ಮಕ್ಕಳಿಗೆ ಬಿಡಿಸಿ ಹೇಳಬಹುದು: ಕಸವನ್ನು ಸರಿಯಾಗಿ ನಿಭಾಯಿಸಿದರೆ ಸಾಕೋ, ಹೊಸದಾಗಿ ತಯಾರಿಸುವುದಕ್ಕೇ ಮಿತಿ ಹಾಕಬೇಕೋ? ನಲ್ಲಿ ಬಿಟ್ಟುಕೊಂಡು ನೆಲ ಒರೆಸುವ ಪ್ರಶ್ನೆ ಅದು. ಡಬ್ಬಿಯ ಪಾಠವನ್ನು ಮಾತ್ರ ಕಲಿತ ಮಗುವಿಗೆ ಈ ವಾದದ ತಲೆಬುಡ ತಿಳಿಯುವುದಿಲ್ಲ. ಪೊಟ್ಟಣದ ಬೆನ್ನು ಹತ್ತಿ ಹೋದ ಮಗುವಿಗೆ ತಿಳಿಯುತ್ತದೆ.

ಅಂದು ಡಬ್ಬಿ ಸುರಿದ ಮಕ್ಕಳು ಶಾಲೆಯ ಹಿಂದಿನ ಮಣ್ಣಿನಲ್ಲಿ ಐದು ಸಣ್ಣ ಗುಂಡಿ ತೋಡಿದ್ದರು. ಒಂದರಲ್ಲಿ ಒಣ ಎಲೆ, ಒಂದರಲ್ಲಿ ಪತ್ರಿಕೆಯ ಹಾಳೆ, ಒಂದರಲ್ಲಿ ಹತ್ತಿ ಬಟ್ಟೆ, ಒಂದರಲ್ಲಿ ‘ಮಣ್ಣಲ್ಲಿ ಕರಗುತ್ತದೆ’ ಎಂದು ಅಚ್ಚಾಗಿದ್ದ ಚೀಲ, ಕೊನೆಯದರಲ್ಲಿ ಆ ಬಿಸ್ಕತ್ತಿನ ಪೊಟ್ಟಣ. ಪ್ರತಿಯೊಂದಕ್ಕೂ ಕಡ್ಡಿ ನೆಟ್ಟು ತಾರೀಖು ಬರೆದಿದ್ದರು. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು ಇಂಥದೇ ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದ್ದರು. ‘ಜೈವಿಕವಾಗಿ ಕರಗುವ’ ಎಂದು ಹೆಸರಿದ್ದ ಚೀಲ ಮೂರು ವರ್ಷ ಮಣ್ಣಲ್ಲಿದ್ದ ಮೇಲೂ ಸಾಮಾನು ತುಂಬಿದರೆ ಹರಿಯಲಿಲ್ಲ. ನಾಲ್ಕು ತಿಂಗಳ ನಂತರ ನಾನು ಮತ್ತೆ ಹೋದಾಗ ಎಲೆಯ ಗುಂಡಿಯಲ್ಲಿ ಎಲೆ ಇರಲಿಲ್ಲ. ಪತ್ರಿಕೆ ಮುಟ್ಟಿದರೆ ಮುದ್ದೆಯಾಗುತ್ತಿತ್ತು. ಬಟ್ಟೆಗೆ ತೂತುಗಳು ಬಿದ್ದಿದ್ದವು. ಚೀಲ ಚೀಲವಾಗಿಯೇ ಇತ್ತು. ಹುಡುಗಿ ಪೊಟ್ಟಣ ಎತ್ತಿ ಮಣ್ಣು ಒದರಿದಳು, ಅದರ ಮೇಲಿನ ತಯಾರಿಕೆಯ ದಿನಾಂಕ ಗಟ್ಟಿಯಾಗಿ ಓದಿದಳು, ಮತ್ತೆ ಅದೇ ಗುಂಡಿಯಲ್ಲಿಟ್ಟು ಮುಚ್ಚಿದಳು. ಮುಂದಿನ ವರ್ಷ ಅವರು ಮೇಲಿನ ತರಗತಿಗೆ ಹೋಗುತ್ತಾರೆ. ಬರುವ ಮಕ್ಕಳಿಗೆಂದು ಕಡ್ಡಿಯ ಮೇಲೆ ಇನ್ನೊಂದು ಸಾಲು ಬರೆದರು: ‘ತೆಗೆದು ನೋಡಿ, ಮತ್ತೆ ಮುಚ್ಚಿ, ತಾರೀಖು ಹಾಕಿ.’